ವಿಮಾನದ ಕೀಲೆಣ್ಣೆ

(ಸಾರಿಗೆ ಮತ್ತು ವರ್ಕ್‌ಷಾಪ್ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ವಿಮಾನದ ಮಾತನ್ನು ಈ ಸಭೆಯಲ್ಲಿ ಏಕೆ ಎತ್ತಬೇಕೆಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಕೇಳಿದ್ದು ನ್ಯಾಯವೇ. ಇಲ್ಲಿ ಕುಳಿತಿರುವವರಲ್ಲಿ ಬಹುಮಂದಿ ಬಸ್ ಡಿಪೋದಲ್ಲಿ, ಲಾರಿ ಷೆಡ್ಡಿನಲ್ಲಿ, ರೈಲ್ವೆಯಲ್ಲಿ ದುಡಿಯುವವರು. ವಿಮಾನವನ್ನು ತಲೆಯೆತ್ತಿ ನೋಡಿದವರೇ ಹೆಚ್ಚು, ಹತ್ತಿದವರು ಕಡಿಮೆ. ಆದರೆ ಸ್ಪ್ಯಾನರು ಹಿಡಿದ ಕೈಗೆ ಬಸ್ಸಾದರೇನು, ವಿಮಾನವಾದರೇನು? ಬೋಲ್ಟು ಬೋಲ್ಟೇ, ಗ್ರೀಸು ಗ್ರೀಸೇ. "ಇವತ್ತು ಹಾಗೇ ಬಿಡು, ಮುಂದಿನ ಸಲ ನೋಡೋಣ" ಎಂಬ ಮೇಲಿನವರ ಮಾತೂ ಎಲ್ಲ ಷೆಡ್ಡುಗಳಲ್ಲಿ ಒಂದೇ. ಆದ್ದರಿಂದ ಈ ವಿಷಯ ನಮಗೆ ದೂರದ್ದಲ್ಲವೆಂದು ನಾವು ತಿಳಿಯುತ್ತೇವೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ೨೦೨೫ರ ಜೂನ್ ೧೨ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದು ೨೬೦ ಜನ ಸತ್ತ ಮೇಲೆ ನಮ್ಮ ಊರಿನ ಹೋಟೆಲುಗಳಲ್ಲೆಲ್ಲ ವಿಮಾನ ತಜ್ಞರು ಹುಟ್ಟಿಕೊಂಡರು. ಕಾಫಿ ಮುಗಿಯುವುದರೊಳಗೆ ಕಾರಣ ಹೇಳಿ, ತಪ್ಪಿತಸ್ಥನನ್ನು ಹೆಸರಿಸಿ, ಶಿಕ್ಷೆಯನ್ನೂ ವಿಧಿಸಿ ಎದ್ದುಹೋದರು. ನಾವು ಆ ಸಾಲಿಗೆ ಸೇರುವುದಿಲ್ಲ. ವಿಚಾರಣೆ ಪೂರ್ತಿಯಾಗಿ ಮುಗಿದು, ಕಾಗದಪತ್ರಗಳೆಲ್ಲ ಬಯಲಿಗೆ ಬಂದು, ಯಾರು ಏನು ಮಾಡಿದರು, ಏನು ಮಾಡಲಿಲ್ಲ ಎಂಬುದು ಬರಹದಲ್ಲಿ ನಿಂತಿರುವ ಪ್ರಕರಣವನ್ನೇ ಎತ್ತಿಕೊಳ್ಳುತ್ತೇವೆ. ಅದು ಅಮೆರಿಕದ್ದು. ದೂರದ್ದಾದರೂ ವಿವರ ಅಲ್ಲಿಯೇ ಹೆಚ್ಚು ಸಿಗುತ್ತದೆ.

ವಿಮಾನ ಬಿದ್ದಾಗ ಪತ್ರಿಕೆಗಳು ಪ್ರಯಾಣಿಕರ ಲೆಕ್ಕ ಕೊಡುತ್ತವೆ. ಕೊನೆಯಲ್ಲಿ "ಸಿಬ್ಬಂದಿ ಇಷ್ಟು ಮಂದಿ" ಎಂದು ಒಂದು ಸಾಲು ಸೇರಿಸುತ್ತವೆ. ಪ್ರಯಾಣಿಕನು ವರ್ಷಕ್ಕೆ ಎರಡು ಬಾರಿ ಹತ್ತಿಳಿಯುವವನು. ಚಾಲಕನೂ ಪರಿಚಾರಿಕೆಯೂ ದಿನವೂ ಹತ್ತುವವರು, ಒಂದೊಂದು ದಿನ ನಾಲ್ಕು ಸಲ ಹತ್ತುವವರು. ವಿಮಾನ ಅವರ ಕೆಲಸದ ಜಾಗ. ಗಿರಣಿಯ ಕೂಲಿಕಾರನಿಗೆ ಯಂತ್ರಕ್ಕೆ ಮುಚ್ಚಳ ಬೇಕು, ಗಣಿಯವನಿಗೆ ಮೇಲ್ಚಾವಣಿಗೆ ಊರುಗೋಲು ಬೇಕು ಎಂದು ನಾವು ಹೇಗೆ ಕೇಳುತ್ತೇವೆಯೋ, ಹಾಗೆಯೇ ದುರಸ್ತಿಯಾದ ವಿಮಾನವನ್ನು ಕೇಳುವುದು ಅವರ ಹಕ್ಕು. ಅವರ ಸಮವಸ್ತ್ರ ಹೊಳೆಯುತ್ತದೆ, ಮಾತಿನಲ್ಲಿ ಇಂಗ್ಲಿಷಿದೆ ಎಂದ ಮಾತ್ರಕ್ಕೆ ಅವರು ದುಡಿಯುವವರಲ್ಲ ಎನ್ನಲಾದೀತೆ?

ಈಗ ಒಂದು ತಪ್ಪು ತಿಳಿವಳಿಕೆಯನ್ನು ಕಳೆಯಬೇಕು. ದುರಸ್ತಿಯನ್ನು ಮುಂದೂಡಿದರು ಎಂದ ಕೂಡಲೆ ಅದು ಅಪರಾಧವೆಂದು ಭಾವಿಸಬಾರದು. ವಿಮಾನದಲ್ಲಿ ಮುಖ್ಯವಾದದ್ದೆಲ್ಲ ಒಂದಕ್ಕೆ ಎರಡು, ಕೆಲವು ಕಡೆ ಮೂರು ಇರುತ್ತವೆ. ಒಂದು ಕೆಟ್ಟರೆ ಇನ್ನೊಂದರಿಂದ ಊರು ಸೇರಬಹುದು. ಯಾವುದು ಕೆಟ್ಟಿದ್ದರೆ ಹಾರಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನ ಎಂಬುದಕ್ಕೆ ಪ್ರತಿ ಜಾತಿಯ ವಿಮಾನಕ್ಕೂ ಒಂದು ಪುಸ್ತಕವುಂಟು. ಅದಕ್ಕೆ ಕನಿಷ್ಠ ಸಲಕರಣೆಗಳ ಪಟ್ಟಿ ಎನ್ನುತ್ತಾರೆ. ಅದರಲ್ಲಿ ಬಿ ವರ್ಗದ ದೋಷವನ್ನು ೩ ದಿನದೊಳಗೆ, ಸಿ ವರ್ಗದ್ದನ್ನು ೧೦ ದಿನದೊಳಗೆ, ಡಿ ವರ್ಗದ್ದನ್ನು ೧೨೦ ದಿನದೊಳಗೆ ಸರಿಪಡಿಸಬೇಕು. ಎ ವರ್ಗಕ್ಕೆ ಆಯಾ ದೋಷದ ಎದುರಿಗೇ ಗಡುವು ಬರೆದಿರುತ್ತದೆ. ಬೆಂಗಳೂರಿನಿಂದ ಹಾರುವ ವಿಮಾನಕ್ಕೂ ಇಂಥ ಪುಸ್ತಕವೇ ಕಾನೂನು. ಹಾರುವ ಮುನ್ನ ಕ್ಯಾಪ್ಟನ್ ದಾಖಲೆ ಪುಸ್ತಕ ನೋಡಿ, ಬಾಕಿ ದೋಷಗಳನ್ನು ಓದಿ, ಒಪ್ಪಿ ಸಹಿ ಹಾಕಬೇಕು. ಒಪ್ಪಿಗೆಯಿಲ್ಲದಿದ್ದರೆ ಒಲ್ಲೆನೆನ್ನಬಹುದು. ಪ್ರಾಮಾಣಿಕವಾಗಿ ನಡೆಸಿದರೆ ಈ ಏರ್ಪಾಡಿನಲ್ಲಿ ನಾವು ದೋಷ ಕಾಣೆವು.

ಕೇಡು ಹುಟ್ಟುವುದು ಬೇರೆ ದಾರಿಗಳಲ್ಲಿ. ಪುಸ್ತಕದ ಗಡುವು ಮುಗಿದರೂ ಕೆಲಸ ಮಾಡದೆ ಹಾಳೆಯ ಮೇಲೆ ಮಾತ್ರ ಮುಗಿಸುವುದು ಒಂದು ದಾರಿ. ಇಲ್ಲಿ ನಡೆಯುವುದು ಲೇಖನಿ, ಸ್ಪ್ಯಾನರಲ್ಲ. ದೋಷ ಕಂಡವನ ಬರಹವನ್ನು ಇನ್ನೊಬ್ಬನ ಅಳತೆಯಿಂದ ಅಳಿಸುವುದು ಮತ್ತೊಂದು. ಇವೆರಡಕ್ಕಿಂತ ನಯವಾದದ್ದು, ಆದ್ದರಿಂದಲೇ ಹೆಚ್ಚು ಅಪಾಯದ್ದು, ಗಡುವನ್ನೇ ಹಿಗ್ಗಿಸುವುದು. ಅದರಲ್ಲಿ ಯಾರೂ ಕಾನೂನು ಮುರಿಯುವುದಿಲ್ಲ, ಕಾನೂನೇ ಬಾಗಿಕೊಡುತ್ತದೆ. ಅಲಾಸ್ಕಾ ಏರ್‌ಲೈನ್ಸ್ ಕಂಪೆನಿಯ ೨೬೧ನೆಯ ಹಾರಾಟದ ಕಥೆಯಲ್ಲಿ ಮುಖ್ಯವಾದದ್ದು ಇದು.

೨೦೦೦ದ ಜನವರಿ ೩೧. ಮೆಕ್ಸಿಕೊ ದೇಶದ ಕಡಲ ತೀರದ ಊರು ಪುಯೆರ್ಟೊ ವಯಾರ್ಟಾದಿಂದ ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗವಾಗಿ ಸಿಯಾಟಲ್‌ಗೆ ಹೊರಟ ಎಂಡಿ-೮೩ ವಿಮಾನ. ಒಳಗೆ ೮೩ ಪ್ರಯಾಣಿಕರು, ಇಬ್ಬರು ಚಾಲಕರು, ಮೂವರು ಪರಿಚಾರಕರು. ಒಟ್ಟು ೮೮ ಜನ. ಕ್ಯಾಲಿಫೋರ್ನಿಯದ ಅನಕಾಪಾ ದ್ವೀಪದ ಹತ್ತಿರ ಅದು ಪೆಸಿಫಿಕ್ ಸಾಗರಕ್ಕೆ ಬಿತ್ತು. ಒಬ್ಬರೂ ಉಳಿಯಲಿಲ್ಲ.

ಈ ಜಾತಿಯ ವಿಮಾನದ ಬಾಲದ ತುದಿಯಲ್ಲಿ, ನೆಟ್ಟಗೆ ನಿಂತ ರೆಕ್ಕೆಯ ನೆತ್ತಿಯ ಮೇಲೆ, ಅಡ್ಡ ಹಲಗೆಯಂಥ ಇನ್ನೊಂದು ರೆಕ್ಕೆ ಇರುತ್ತದೆ. ವಿಮಾನದ ಮೂಗು ಮೇಲಕ್ಕೋ ಕೆಳಕ್ಕೋ ಎಂಬುದನ್ನು ಹದಗೊಳಿಸುವುದು ಆ ಹಲಗೆ. ಅದನ್ನು ಆಡಿಸಲು ಉದ್ದನೆಯ ಉಕ್ಕಿನ ತಿರುಪು. ಆ ತಿರುಪನ್ನು ಹಿಡಿದಿರುವುದು ಅಲ್ಯುಮಿನಿಯಂ ಕಂಚಿನ ಒಂದು ನಟ್ಟು. ಉಕ್ಕಿಗಿಂತ ಕಂಚು ಮೆದು. ಸವೆದರೆ ನಟ್ಟು ಸವೆಯಲಿ, ಬದಲಾಯಿಸಿದರಾಯಿತು ಎಂಬ ಲೆಕ್ಕಾಚಾರ. ನಮ್ಮ ಜ್ಯಾಕಿನ ತಿರುಪನ್ನು ನೆನೆಸಿಕೊಳ್ಳಿ, ಬಹುಮಟ್ಟಿಗೆ ಅದೇ. ನಟ್ಟಿನೊಳಗೆ ಒಂದರ ಪಕ್ಕ ಒಂದರಂತೆ ಎರಡು ಸುರುಳಿಗಳನ್ನು ಕೊರೆದಿದ್ದರು: ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಲೆಂದು. ಆದರೆ ಎರಡೂ ಇರುವುದು ಒಂದೇ ನಟ್ಟಿನಲ್ಲಿ, ಎರಡಕ್ಕೂ ಒಂದೇ ಗ್ರೀಸು. ಗ್ರೀಸು ಒಣಗಿದರೆ ಎರಡೂ ಜೊತೆಜೊತೆಯಾಗಿಯೇ ಸವೆಯುತ್ತವೆ. ಒಂದೇ ಹಗ್ಗವನ್ನು ಎರಡು ಸುತ್ತು ಸುತ್ತಿ ಎರಡು ಹಗ್ಗ ಕಟ್ಟಿದ್ದೇವೆ ಎಂದಂತಾಯಿತು. ಹೀಗಾಗದಂತೆ ತಡೆಯುವ ಬೇರೆ ಆಸರೆ ಆ ವಿನ್ಯಾಸದಲ್ಲಿ ಇರಲಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಣಾ ಮಂಡಲಿ ಆಮೇಲೆ ಬರೆಯಿತು.

ಆದ್ದರಿಂದ ಎಲ್ಲವೂ ಗ್ರೀಸಿನ ಮೇಲೆ ನಿಂತಿತ್ತು. ನಮ್ಮ ಗಾಡಿ ಹೊಡೆಯುವ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಾಡಿಯ ಹಿಂದೆ ಕೀಲೆಣ್ಣೆಯ ಗೊಟ್ಟ ತೂಗುಹಾಕದೆ ಅವನು ಸಂತೆಗೆ ಹೊರಡುತ್ತಿರಲಿಲ್ಲ.

ಎಷ್ಟು ಗಂಟೆಯ ಹಾರಾಟಕ್ಕೊಮ್ಮೆ ಆ ತಿರುಪಿಗೆ ಗ್ರೀಸು? ಇದರ ಹಿಂದಿನ ಜಾತಿಯಾದ ಡಿಸಿ-೯ ವಿಮಾನ ತಯಾರಾದ ಕಾಲದಲ್ಲಿ ತಯಾರಕರು ಹೇಳಿದ್ದು ೩೦೦ರಿಂದ ೩೫೦ ಗಂಟೆಗೊಮ್ಮೆ ಎಂದು. ೧೯೮೭ರಲ್ಲಿ ಅಲಾಸ್ಕಾ ಕಂಪೆನಿ ೫೦೦ ಗಂಟೆಗೊಮ್ಮೆ ಹಾಕುತ್ತಿತ್ತು. ೧೯೮೮ರಲ್ಲಿ ಅದು ೧,೦೦೦ ಆಯಿತು. ೧೯೯೧ರಲ್ಲಿ ೧,೨೦೦. ೧೯೯೪ರಲ್ಲಿ ೧,೬೦೦. ೧೯೯೬ರಲ್ಲಿ ಗಂಟೆಯ ಲೆಕ್ಕವನ್ನೇ ಬಿಟ್ಟು "೮ ತಿಂಗಳಿಗೊಮ್ಮೆ" ಎಂದು ಬರೆದರು. ಆಗ ವಿಮಾನಗಳು ಹಾರುತ್ತಿದ್ದ ವೇಗದಲ್ಲಿ ೮ ತಿಂಗಳೆಂದರೆ ಸುಮಾರು ೨,೫೫೦ ಗಂಟೆ. ಒಂಬತ್ತು ವರ್ಷದಲ್ಲಿ ಗಡುವು ಐದು ಪಟ್ಟಾಯಿತು!

ಈ ತಿಂಗಳ ಲೆಕ್ಕದ ಚಮತ್ಕಾರವನ್ನು ಸ್ವಲ್ಪ ನಿಂತು ನೋಡಬೇಕು. ವಾರಕ್ಕೊಮ್ಮೆ ಸಂತೆಗೆ ಹೋಗುವ ಗಾಡಿಗೆ ತಿಂಗಳಿಗೊಮ್ಮೆ ಎಣ್ಣೆ ಎಂದರೆ ಸರಿ. ಅದೇ ಗಾಡಿ ಕಬ್ಬಿನ ಕಾಲದಲ್ಲಿ ದಿನಕ್ಕೆ ಎರಡು ಸುತ್ತು ಹೊಡೆದರೆ? ತಿಂಗಳು ಅದೇ ತಿಂಗಳು, ಅಚ್ಚಿನ ಪಾಡು ಅದೇ ಅಲ್ಲ. ಆ ವರ್ಷಗಳಲ್ಲಿ ಕಂಪೆನಿ ತನ್ನ ವಿಮಾನಗಳ ದಿನದ ಹಾರಾಟವನ್ನು ಹೆಚ್ಚಿಸುತ್ತಿತ್ತು, ಖರ್ಚನ್ನು ಇಳಿಸುತ್ತಿತ್ತು. ನೆಲದ ಮೇಲೆ ನಿಂತ ವಿಮಾನ ದುಡಿಯುವುದಿಲ್ಲ ಎಂಬುದು ವಿಮಾನ ಕಂಪೆನಿಗಳಿಗೆಲ್ಲ ಬಾಯಿಪಾಠ. ಗಂಟೆಯ ಮಿತಿಯೇ ಇಲ್ಲದ ಕ್ಯಾಲೆಂಡರಿನ ಗಡುವು ಹೀಗೆ ದುಡಿಮೆ ಹೆಚ್ಚಿದಷ್ಟೂ ಆರೈಕೆಯನ್ನು ತಾನಾಗಿಯೇ ಕಡಿಮೆ ಮಾಡುತ್ತದೆ. ಯಾರೂ ಹುಕುಂ ಹೊರಡಿಸಬೇಕಾಗಿಲ್ಲ.

ಕಂಪೆನಿಯ ಕಡೆಯ ಮಾತನ್ನೂ ಹೇಳಬೇಕು. ತಯಾರಕರೇ ಎಂಡಿ-೮೦ ಜಾತಿಗೆ ಆಮೇಲಿನ ಮಾರ್ಗದರ್ಶಿಯಲ್ಲಿ ೩,೬೦೦ ಗಂಟೆಯವರೆಗೆ ಸಡಿಲ ಬಿಟ್ಟಿದ್ದರು. ಹಾಗೆ ಸಡಿಲಿಸುವಾಗ, ಮೊದಲು ೩೦೦ ಎಂದವರು ಏಕೆ ಹಾಗೆಂದರು ಎಂಬುದನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ಒಬ್ಬರ ಸಡಿಲಿಕೆಗೆ ಇನ್ನೊಬ್ಬರ ಸಡಿಲಿಕೆ ಆಧಾರ. ಸರ್ಕಾರದ ಫೆಡರಲ್ ವಿಮಾನಯಾನ ಆಡಳಿತವೋ ಪ್ರತಿ ಹೆಜ್ಜೆಗೂ ಒಪ್ಪಿಗೆಯ ಮುದ್ರೆ ಒತ್ತಿತು. ಈ ತಿರುಪಿಗೆ ಇಷ್ಟು ದಿನ ಗ್ರೀಸಿಲ್ಲದಿದ್ದರೆ ಏನಾಗುತ್ತದೆ ಎಂಬ ಲೆಕ್ಕವನ್ನು ಯಾರೂ ಮೇಜಿನ ಮೇಲೆ ಇಡಲಿಲ್ಲ, ಯಾರೂ ಕೇಳಲೂ ಇಲ್ಲ.

ಗ್ರೀಸು ತಪ್ಪಿದರೂ ಸವೆತವನ್ನು ಹಿಡಿಯಲು ಇನ್ನೊಂದು ಕಾವಲಿತ್ತು: ತಿರುಪಿಗೂ ನಟ್ಟಿಗೂ ನಡುವೆ ಎಷ್ಟು ಸಡಿಲವಿದೆ ಎಂದು ಅಳೆಯುವ ಪರೀಕ್ಷೆ. ೧೯೮೫ರಲ್ಲಿ ಅದು ೫,೦೦೦ ಗಂಟೆಗೊಮ್ಮೆ ನಡೆಯುತ್ತಿತ್ತು. ೧೯೯೬ರ ಹೊತ್ತಿಗೆ ೩೦ ತಿಂಗಳಿಗೊಮ್ಮೆ, ಎಂದರೆ ಸುಮಾರು ೯,೫೫೦ ಗಂಟೆಗೊಮ್ಮೆ ಆಗಿತ್ತು. ಗ್ರೀಸನ್ನೂ ಹಿಂದಕ್ಕೆ ತಳ್ಳಿ, ಗ್ರೀಸು ಸಾಲದೆ ಹೋದರೆ ಕೂಗಿ ಹೇಳಬೇಕಾದ ಕಾವಲುಗಾರನನ್ನೂ ನಿದ್ದೆಗೆ ಕಳಿಸಿದಂತಾಯಿತು.

ಈ ವಿಮಾನಕ್ಕೆ ಆ ಪರೀಕ್ಷೆ ಕೊನೆಯ ಬಾರಿ ನಡೆದದ್ದು ೧೯೯೭ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಓಕ್ಲೆಂಡಿನ ಷೆಡ್ಡಿನಲ್ಲಿ. ಆಗ ಸಿಕ್ಕ ಅಳತೆ ೦.೦೪೦ ಅಂಗುಲ. ಪುಸ್ತಕ ಒಪ್ಪುವ ಗರಿಷ್ಠ ಅಳತೆಯೂ ಕರಾರುವಾಕ್ಕಾಗಿ ಅದೇ, ೦.೦೪೦. ಕೂದಲೆಳೆಯಷ್ಟು ಹೆಚ್ಚಾದರೂ ನಟ್ಟು ತೆಗೆದು ಬಿಸಾಡಬೇಕು. ಪಾಳಿಯ ಮುಖ್ಯ ಮೆಕ್ಯಾನಿಕ್ ನಟ್ಟನ್ನು ಬದಲಾಯಿಸಬೇಕೆಂದು ಕಾರ್ಡಿನಲ್ಲಿ ಬರೆದಿಟ್ಟನು. ಕೆಲವು ದಿನಗಳ ಮೇಲೆ ಬೇರೆ ಪಾಳಿಯವರು ಮತ್ತೆ ಅಳೆದರು. ಐದು ಸಲ ಅಳೆದೆವು, ೦.೦೩೩ ಬಂತು ಎಂದು ಬರೆದು, ಬದಲಾವಣೆಯ ಬರಹವನ್ನು ಹೊಡೆದುಹಾಕಿ, ವಿಮಾನವನ್ನು ಹಾರಾಟಕ್ಕೆ ಬಿಟ್ಟರು. ಅಂಗುಲದ ಸಾವಿರದಲ್ಲಿ ಏಳು ಪಾಲು ಅಂತರ. ಎರಡರಲ್ಲಿ ಯಾವ ಅಳತೆ ನಿಜ? ಅಳೆಯಲು ಬಳಸುತ್ತಿದ್ದ ಸಲಕರಣೆಯನ್ನು ಕಂಪೆನಿ ತನ್ನ ಷೆಡ್ಡಿನಲ್ಲೇ ಮಾಡಿಕೊಂಡಿತ್ತು. ಅದು ತಯಾರಕರು ಹೇಳಿದ ರೀತಿಯದಾಗಿರಲಿಲ್ಲ. ತಕ್ಕಡಿಯೇ ಸರಿಯಿಲ್ಲದ ಅಂಗಡಿಯಲ್ಲಿ ತೂಕದ ಜಗಳ ತೀರುವುದು ಹೇಗೆ? ನಮಗೆ ತೋರುವುದಿಷ್ಟು: ಮಿತಿಯ ಗೆರೆಯ ಮೇಲೆ ನಿಂತ ಒಂದು ನಟ್ಟಿಗೆ ಇನ್ನೂ ೩೦ ತಿಂಗಳ ಆಯುಸ್ಸು ಬರೆದುಕೊಟ್ಟರು. ಮುಂದಿನ ಪರೀಕ್ಷೆ ೨೦೦೦ದ ಮಾರ್ಚಿನಲ್ಲಿ ನಡೆಯಬೇಕಿತ್ತು. ವಿಮಾನ ಬಿದ್ದದ್ದು ಜನವರಿಯಲ್ಲಿ.

ಕೊನೆಯ ಗ್ರೀಸು ೧೯೯೯ರ ಸೆಪ್ಟೆಂಬರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಾಕಿದ್ದಾಗಿ ದಾಖಲೆಯಿದೆ. ಆ ಕೆಲಸಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆಂದು ಮೆಕ್ಯಾನಿಕ್ ಹೇಳಿದನು. ತಯಾರಕರ ಲೆಕ್ಕದಲ್ಲಿ ಅದು ನಾಲ್ಕು ಗಂಟೆಯ ಕೆಲಸ. ಕೈ ತೂರಿಸುವ ಕಿಂಡಿಯೂ ಕಿರಿದು. ಒಳಗೆ ಏನು ನಡೆದಿದೆಯೆಂದು ಕಣ್ಣಿಗೆ ಕಾಣುವುದೇ ಕಷ್ಟ. ಇಲ್ಲಿ ಕೆಲವರು ಥಟ್ಟನೆ ಆ ಮೆಕ್ಯಾನಿಕ್ಕನ ಮೇಲೆ ಬೀಳುತ್ತಾರೆ. ನಾವು ಅವನನ್ನು ಪೂರ್ತಿ ಬಿಟ್ಟುಕೊಡುವುದೂ ಇಲ್ಲ, ಪೂರ್ತಿ ಹೊರಿಸುವುದೂ ಇಲ್ಲ. ನಾಲ್ಕು ಗಂಟೆಯ ಕೆಲಸವನ್ನು ಒಂದು ಗಂಟೆಯಲ್ಲಿ ಮುಗಿಸುವುದೇ ರೂಢಿಯಾಗಿದ್ದರೆ, ಕೆಲಸ ಹಂಚುವವರಿಗೂ ತಪಾಸಣೆ ಮಾಡುವವರಿಗೂ ಅದು ಗೊತ್ತಿರಲಿಲ್ಲವೆ? ಗಡಿಯಾರ ಎಲ್ಲರ ಕೈಯಲ್ಲೂ ಇತ್ತು. ಸಮುದ್ರದ ತಳದಿಂದ ತಿರುಪನ್ನು ಎತ್ತಿದಾಗ, ಕೆಲಸ ನಡೆಯುವ ಭಾಗದಲ್ಲಿ ಉಪಯೋಗಕ್ಕೆ ಬರುವ ಗ್ರೀಸಿನ ಸುಳಿವೇ ಇರಲಿಲ್ಲ. ನಟ್ಟಿನ ಸುರುಳಿಯ ಕಂಚು ನೂರಕ್ಕೆ ತೊಂಬತ್ತರಷ್ಟು ಮೊದಲೇ ಸವೆದುಹೋಗಿತ್ತು; ಉಳಿದದ್ದು ಕಿತ್ತು ತಿರುಪಿಗೆ ತಂತಿಯಂತೆ ಸುತ್ತಿಕೊಂಡಿತ್ತು. ಸಾವಿರ ಗಂಟೆಗೆ ಅಂಗುಲದ ಸಾವಿರದಲ್ಲೊಂದು ಪಾಲು ಸವೆಯಬೇಕಾಗಿದ್ದುದು ಹನ್ನೆರಡು ಪಾಲಿನಷ್ಟು ವೇಗದಲ್ಲಿ ಸವೆದಿತ್ತು.

ಈಗ ಮೇಲಿದ್ದವರ ಮಾತು. ವಿಮಾನ ಏರುತ್ತಿರುವಾಗಲೇ, ೨೩,೦೦೦ ಅಡಿ ದಾಟಿದ ಮೇಲೆ, ಬಾಲದ ಹಲಗೆ ಕಚ್ಚಿಕೊಂಡಿತು. ಚಾಲಕರು ಕೈಯಿಂದಲೇ ಹಿಡಿದೆಳೆದು ವಿಮಾನವನ್ನು ಮೇಲಕ್ಕೆ ಒಯ್ದರು. ಒಂದು ಹಂತದಲ್ಲಿ ೫೦ ಪೌಂಡಿನಷ್ಟು ಎಳೆತ ಬೇಕಾಗಿತ್ತು. ಏನು ಕೆಟ್ಟಿದೆಯೆಂದು ಅವರಿಗೆ ತಿಳಿಯುವ ಬಗೆಯಿರಲಿಲ್ಲ. ಬಾಲ ಅವರ ಬೆನ್ನ ಹಿಂದೆ ನೂರಡಿಗೂ ಹೆಚ್ಚು ದೂರದಲ್ಲಿ; ಅವರ ಮುಂದಿದ್ದುದು ಎರಡು ಸ್ವಿಚ್ಚು, ಒಂದು ಪುಸ್ತಕ, ಒಂದು ರೇಡಿಯೊ. ಲಾಸ್ ಏಂಜಲೀಸಿಗೆ ತಿರುಗಿ ಇಳಿಯುವುದೋ, ಸ್ಯಾನ್ ಫ್ರಾನ್ಸಿಸ್ಕೊಗೇ ಹೋಗುವುದೋ ಎಂದು ಕಂಪೆನಿಯೊಡನೆ ಮಾತು ನಡೆಯಿತು. ಕಂಪೆನಿಯ ರವಾನೆ ಅಧಿಕಾರಿ, ಸುರಕ್ಷತೆಗಾಗಿ ಬೇಕಾದರೆ ಲಾಸ್ ಏಂಜಲೀಸಿನಲ್ಲಿ ಇಳಿಯಿರಿ ಎಂದನು. ಜೊತೆಗೆ, ಅಲ್ಲಿ ಇಳಿದರೆ ಸಂಚಾರದ ದಟ್ಟಣೆಯಿಂದ ಒಂದೂವರೆ ಗಂಟೆಯವರೆಗೂ ತಡವಾದೀತೆಂದೂ ಸೇರಿಸಿದನು. ಕ್ಯಾಪ್ಟನ್ ಅದಕ್ಕೆ ಒಪ್ಪಲಿಲ್ಲ. ತಡದ ಮಾತು ಕೇಳುವ ಮನಸ್ಸು ತನಗಿಲ್ಲ, ಇಳಿಯಬಹುದಾದ ನಿಲ್ದಾಣಗಳನ್ನು ದಾಟಿ ಹೋಗುವುದೇ ತನ್ನ ಚಿಂತೆ ಎಂಬರ್ಥದಲ್ಲಿ ಉತ್ತರ ಕೊಟ್ಟನು. ಆ ಒಂದು ಉತ್ತರಕ್ಕಾಗಿ ದುಡಿಯುವವರೆಲ್ಲ ಆತನಿಗೆ ಋಣಿಗಳೆಂದು ನಾವು ಭಾವಿಸುತ್ತೇವೆ. ವೇಳಾಪಟ್ಟಿ ಬಾಗಿಲಲ್ಲಿ ನಿಂತಿರುವಾಗ ಹಾಗೆನ್ನುವುದು ಎಷ್ಟು ಕಷ್ಟವೆಂಬುದನ್ನು ಬಸ್ಸು ನಡೆಸುವವರು ಬಲ್ಲರು.

ಸಂಜೆ ೪ ಗಂಟೆ ೯ ನಿಮಿಷಕ್ಕೆ ಕಚ್ಚಿಕೊಂಡಿದ್ದುದು ಬಿಟ್ಟುಕೊಂಡು ವಿಮಾನ ೩೧,೦೦೦ ಅಡಿಯಿಂದ ಒಂದೂಕಾಲು ನಿಮಿಷ ಚಿಲ್ಲರೆಯಲ್ಲಿ ೨೪,೦೦೦ದ ಕೆಳಕ್ಕೆ ಧುಮುಕಿತು. ಇಬ್ಬರೂ ಸೇರಿ ಅದನ್ನು ಹಿಡಿದು ನಿಲ್ಲಿಸಿದರು. ಊರುಗಳ ಮೇಲೆ ಹಾರದೆ, ನೀರಿನ ಮೇಲೆ ಇದ್ದುಕೊಂಡೇ ವಿಮಾನವನ್ನು ಇಳಿಯುವ ಸ್ಥಿತಿಗೆ ಹದಗೊಳಿಸಿ ನೋಡುತ್ತೇವೆಂದು ಅನುಮತಿ ಕೇಳಿದರು. ಹಿಂದಿನಿಂದ ದೊಡ್ಡ ಸದ್ದು ಬಂತೆಂದು ಪರಿಚಾರಿಕೆ ಬಂದು ಹೇಳಿದಳು. ೪ ಗಂಟೆ ೨೦ ನಿಮಿಷದ ಹೊತ್ತಿಗೆ ತಿರುಪು ಪೂರ್ತಿ ಕಳಚಿತು. ಸುಮಾರು ೧೮,೦೦೦ ಅಡಿಯಿಂದ ನೀರಿಗೆ ೮೧ ಸೆಕೆಂಡು. ವಿಮಾನ ತಲೆಕೆಳಗಾದ ಮೇಲೂ, ತಲೆಕೆಳಗಾಗಿಯಾದರೂ ಹಾರಿಸಬಹುದೇ ಎಂದು ಇಬ್ಬರೂ ಕೊನೆಯವರೆಗೆ ಪ್ರಯತ್ನ ಮಾಡಿದರೆಂಬುದು ಒಳಗಿನ ಧ್ವನಿಮುದ್ರಣದಲ್ಲಿದೆ. ಕಚ್ಚಿಕೊಂಡ ಬಾಲವನ್ನಿಟ್ಟುಕೊಂಡು ನಡುವೆ ಸ್ವಯಂಚಾಲಕ ಯಂತ್ರವನ್ನು ಬಳಸಿದ್ದು ಸರಿಯಲ್ಲವೆಂದು ಮಂಡಲಿ ಅವರ ಮೇಲೂ ಒಂದು ಮಾತು ಬರೆದಿದೆ; ಅದನ್ನು ಮುಚ್ಚಿಡಬೇಕಾಗಿಲ್ಲ. ಅವರ ಸಂಘ ಅವರಿಗೆ ಮರಣಾನಂತರ ಶೌರ್ಯ ಪದಕ ಕೊಟ್ಟಿತು.

ಸತ್ತವರಲ್ಲಿ ೩೫ಕ್ಕೆ ಕಡಿಮೆಯಿಲ್ಲದಷ್ಟು ಜನ ಆ ಕಂಪೆನಿಗೋ ಅದರ ಸೋದರ ಕಂಪೆನಿಗೋ ಒಂದಲ್ಲ ಒಂದು ಬಗೆಯಲ್ಲಿ ಸೇರಿದವರು: ನೌಕರರು, ಅವರ ಮನೆಯವರು, ನಂಟರು. ಉಳಿಸಿದ ಗ್ರೀಸಿನ ಬೆಲೆಯನ್ನು ತೆತ್ತವರಲ್ಲಿ ಕಂಪೆನಿಯ ಸ್ವಂತ ಕುಟುಂಬವೇ ಇತ್ತು.

೨೦೦೨ರ ಡಿಸೆಂಬರಿನಲ್ಲಿ ಮಂಡಲಿ ತನ್ನ ತೀರ್ಮಾನ ಕೊಟ್ಟಿತು. ಕಾರಣ, ಕಂಪೆನಿ ತಿರುಪಿಗೆ ಸಾಕಷ್ಟು ಗ್ರೀಸು ಹಾಕದೆ ಹೋದದ್ದರಿಂದ ನಟ್ಟಿನ ಸುರುಳಿ ಮಿತಿಮೀರಿ ಸವೆದದ್ದು. ಅದಕ್ಕೆ ನೆರವಾದದ್ದು, ಗ್ರೀಸಿನ ಗಡುವನ್ನೂ ಅಳತೆಯ ಗಡುವನ್ನೂ ಹಿಗ್ಗಿಸಿದ್ದು, ಸರ್ಕಾರ ಅದಕ್ಕೆ ಒಪ್ಪಿದ್ದು. ಅದಕ್ಕೂ ಮೊದಲೇ, ೨೦೦೦ದ ಫೆಬ್ರವರಿಯಲ್ಲಿ, ಇದೇ ಜಾತಿಯ ವಿಮಾನಗಳನ್ನೆಲ್ಲ ೭೨ ಗಂಟೆಯೊಳಗೆ ಪರೀಕ್ಷಿಸಬೇಕೆಂದು ಆಜ್ಞೆಯಾಯಿತು. ಅದೇ ವರ್ಷ ಗ್ರೀಸಿಗೆ ೬೫೦ ಗಂಟೆ, ಅಳತೆಗೆ ೨,೦೦೦ ಗಂಟೆ ಎಂದು ಗೊತ್ತುಮಾಡಿದರು. ಒಂಬತ್ತು ವರ್ಷದಲ್ಲಿ ಹಿಗ್ಗಿದ್ದು ಕೆಲವೇ ತಿಂಗಳಲ್ಲಿ ಕುಗ್ಗಿತು. ಕುಗ್ಗಿಸಲು ಸಾಧ್ಯವಿತ್ತು ಎಂದಾಯಿತಲ್ಲ!

ನಟ್ಟು ಬದಲಾಯಿಸಿ ಎಂದು ಬರೆದಿದ್ದ ಓಕ್ಲೆಂಡಿನ ಮೆಕ್ಯಾನಿಕ್ಕನ ಗತಿ ಏನಾಯಿತೆಂದು ನಿಮಗೆ ತಿಳಿಯಬೇಕು. ೧೯೯೮ರಲ್ಲಿ, ಅಪಘಾತಕ್ಕೆ ಒಂದು ವರ್ಷಕ್ಕೂ ಮೊದಲೇ, ಮಾಡದ ಕೆಲಸಗಳನ್ನು ಮಾಡಿದಂತೆ ಬರೆಯುತ್ತಿದ್ದಾರೆಂದು ಆತ ಸರ್ಕಾರಕ್ಕೆ ದೂರು ಕೊಟ್ಟಿದ್ದನು. ಆ ಡಿಸೆಂಬರಿನಲ್ಲಿ ಅಧಿಕಾರಿಗಳು ಓಕ್ಲೆಂಡಿನ ಷೆಡ್ಡನ್ನು ಶೋಧಿಸಿ ಕಾಗದಪತ್ರ ಒಯ್ದರು. ಕಂಪೆನಿ ಆತನನ್ನು ಸಂಬಳದ ರಜೆಯ ಮೇಲೆ ಮನೆಗೆ ಕಳಿಸಿತು. ಕೆಲಸ ಬಲ್ಲವನಿಗೆ ಕೆಲಸ ಕೊಡದೆ ಕೂರಿಸುವುದೂ ಒಂದು ಶಿಕ್ಷೆಯೇ. ಆತ ಮಾನನಷ್ಟದ ದಾವೆ ಹೂಡಿ, ರಾಜಿಯಲ್ಲಿ ಸುಮಾರು ೫ ಲಕ್ಷ ಡಾಲರು ಪಡೆದನು. ಕ್ರಿಮಿನಲ್ ವಿಚಾರಣೆಯೋ, ಯಾರ ಮೇಲೂ ಮೊಕದ್ದಮೆ ಹೂಡದೆ ೨೦೦೩ರಲ್ಲಿ ಮುಗಿಯಿತು.

ಇದೊಂದು ಒಂಟಿ ಪ್ರಕರಣವಲ್ಲ. ೧೯೭೯ರ ಮೇ ೨೫ರಂದು ಷಿಕಾಗೋದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-೧೦ ವಿಮಾನದ ಎಂಜಿನ್ ಏರುವಾಗಲೇ ಕಿತ್ತುಹೋಗಿ ೨೭೩ ಜನ ಸತ್ತರು. ಎಂಜಿನನ್ನೂ ಅದನ್ನು ರೆಕ್ಕೆಗೆ ಹಿಡಿಸುವ ತೊಲೆಯನ್ನೂ ಬೇರೆಬೇರೆಯಾಗಿ ಬಿಚ್ಚಬೇಕೆಂದು ತಯಾರಕರು ಹೇಳಿದ್ದರು. ಎರಡನ್ನೂ ಒಟ್ಟಿಗೇ ಫೋರ್ಕ್‌ಲಿಫ್ಟಿನ ಮೇಲೆ ಇಳಿಸಿ ಏರಿಸಿದರೆ ಪ್ರತಿ ವಿಮಾನಕ್ಕೆ ಸುಮಾರು ೨೦೦ ಆಳು-ಗಂಟೆ ಉಳಿಯುತ್ತದೆಂದು ಕಂಪೆನಿ ಕಂಡುಕೊಂಡಿತು. ಹಾಗೆ ಏರಿಸುವಾಗ ಬಿದ್ದ ಪೆಟ್ಟಿನಿಂದ ತೊಲೆಯಲ್ಲಿ ಬಿರುಕು. ಇನ್ನೊಂದು ಕಂಪೆನಿಯ ಷೆಡ್ಡಿನಲ್ಲಿ ಇದೇ ಬಗೆಯ ಪೆಟ್ಟು ಆ ಮೊದಲೇ ಎರಡು ಸಲ ಬಿದ್ದಿತ್ತು. ಅವರು ಸದ್ದಿಲ್ಲದೆ ರಿಪೇರಿ ಮಾಡಿಕೊಂಡಿದ್ದರು. ಆ ಸುದ್ದಿ ಎಲ್ಲ ಷೆಡ್ಡುಗಳಿಗೂ ಹಬ್ಬಿದ್ದರೆ!

೧೯೮೮ರ ಏಪ್ರಿಲ್ ೨೮ರಂದು ಹವಾಯಿ ದ್ವೀಪಗಳ ನಡುವೆ ಅಲೋಹಾ ಏರ್‌ಲೈನ್ಸ್ ವಿಮಾನದ ಛಾವಣಿ ೧೮ ಅಡಿಯಷ್ಟು ಆಕಾಶದಲ್ಲೇ ಹಾರಿಹೋಯಿತು. ೯೫ ಜನರಲ್ಲಿ ಸತ್ತದ್ದು ಒಬ್ಬರೇ. ಅವರು ಹಿರಿಯ ಪರಿಚಾರಿಕೆ. ಪ್ರಯಾಣಿಕರೆಲ್ಲ ಪಟ್ಟಿ ಕಟ್ಟಿಕೊಂಡು ಕುಳಿತಿದ್ದರು. ನಡೆದಾಡುತ್ತ ತಮ್ಮ ಕೆಲಸ ಮಾಡುತ್ತಿದ್ದವರು ಅವರು. ಆ ವಿಮಾನ ೮೯,೬೮೦ ಬಾರಿ ಹಾರಿ ಇಳಿದಿತ್ತು. ವಿಮಾನವನ್ನು ನಿಲ್ಲಿಸಿ ಮಾಡಬೇಕಾದ ದೊಡ್ಡ ತಪಾಸಣೆಯನ್ನು ೫೨ ತುಂಡುಮಾಡಿ ೮ ವರ್ಷಗಳ ಮೇಲೆ ಹರಡಿದ್ದರು. ಕೊನೆಯ ಹಾರಾಟ ಮುಗಿದ ಮೇಲೆ, ಬೆಳಗಿನ ಮೊದಲ ಹಾರಾಟಕ್ಕೆ ಮುಂಚೆ, ರಾತ್ರಿ ದೀಪದ ಬೆಳಕಿನಲ್ಲಿ ಮೆಕ್ಯಾನಿಕ್ಕುಗಳು ಬಿರುಕು ಹುಡುಕುತ್ತಿದ್ದರು. ಹತ್ತುವಾಗ ಒಬ್ಬ ಪ್ರಯಾಣಿಕಳ ಕಣ್ಣಿಗೆ ಬಾಗಿಲ ಬಳಿ ಬಿರುಕು ಬಿದ್ದಿತ್ತಂತೆ. ಆಕೆ ಯಾರಿಗೂ ಹೇಳಲಿಲ್ಲ.

ನಮ್ಮ ದೇಶದ ಮಾತು ಬೇಡವೆ? ಬೇಕು. ೨೦೨೫ರ ಮಾರ್ಚಿನಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕಂಪೆನಿಗೆ ಛೀಮಾರಿ ಹಾಕಿತು. ಒಂದು ಏರ್‌ಬಸ್ ಎ-೩೨೦ ವಿಮಾನದ ಎಂಜಿನ್ನಿನ ಭಾಗಗಳನ್ನು ಯೂರೋಪಿನ ಸುರಕ್ಷಣಾ ಸಂಸ್ಥೆ ಹೇಳಿದ ಗಡುವಿನೊಳಗೆ ಬದಲಾಯಿಸಿರಲಿಲ್ಲ. ಗಡುವಿನೊಳಗೇ ಮಾಡಿದಂತೆ ದಾಖಲೆ ತಿದ್ದಲಾಗಿದೆ ಎಂದು ನಿರ್ದೇಶನಾಲಯ ಹೇಳಿತು. ವಿಷಯ ಪತ್ರಿಕೆಗಳಿಗೆ ಬಂದದ್ದು ಜುಲೈನಲ್ಲಿ. ಕಂಪೆನಿ ತಪ್ಪನ್ನು ಒಪ್ಪಿಕೊಂಡಿತು. ದಾಖಲೆಗಳನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸುವಾಗ ದಿನಾಂಕ ಕೈತಪ್ಪಿತು, ತಿಳಿದ ಕೂಡಲೆ ಸರಿಪಡಿಸಿದೆವು, ಹೊಣೆಗಾರರ ಮೇಲೆ ಕ್ರಮ ಕೈಗೊಂಡೆವು ಎಂದು ಸಮಜಾಯಿಷಿ ಕೊಟ್ಟಿತು. ಯಾರಿಗೂ ಅಪಾಯವಾಗಲಿಲ್ಲ. ಆದರೆ ಆ ಎಂಜಿನ್ನನ್ನು ನಂಬಿ, ದಾಖಲೆ ಓದಿ, ಸಹಿ ಹಾಕಿ ಹಾರಿದ ಕ್ಯಾಪ್ಟನ್‌ಗೆ ಆ ದಾಖಲೆಯೇ ಸುಳ್ಳೆಂಬುದು ತಿಳಿಯುವ ದಾರಿ ಯಾವುದಿತ್ತು? ಒಲ್ಲೆನೆನ್ನುವ ಹಕ್ಕು ಆತನಿಗುಂಟು ಎಂದೆವು. ಕಾಗದ ಸುಳ್ಳು ಹೇಳಿದರೆ ಆ ಹಕ್ಕು ಅಲ್ಲಿಗೇ ತೀರಿತು. ಚಾಲಕನ ಸುರಕ್ಷತೆ ಕೊನೆಗೆ ಮೆಕ್ಯಾನಿಕ್ಕನ ಬಾಯಿಯಲ್ಲಿದೆ. ಮೆಕ್ಯಾನಿಕ್ಕನ ಬಾಯಿ ಅವನ ನೌಕರಿಯ ಭದ್ರತೆಯಲ್ಲಿದೆ.

ಅಮೆರಿಕದಲ್ಲಿ ೨೦೦೦ದ ಏಪ್ರಿಲ್ ೫ರಂದು ಒಂದು ಕಾನೂನಿಗೆ ಅಂಕಿತ ಬಿತ್ತು. ವಿಮಾನ ಕಂಪೆನಿಯ ನೌಕರನು ಸುರಕ್ಷತೆಯ ವಿಷಯದಲ್ಲಿ ದೂರು ಕೊಟ್ಟದ್ದಕ್ಕಾಗಿ ಅವನನ್ನು ತೆಗೆದರೆ ಅಥವಾ ಕಾಡಿದರೆ, ೯೦ ದಿನದೊಳಗೆ ಅವನು ಕಾರ್ಮಿಕ ಇಲಾಖೆಗೆ ಹೋಗಬಹುದು. ನಮ್ಮಲ್ಲಿ ೨೦೧೪ರಲ್ಲಿ ದೂರುದಾರರ ರಕ್ಷಣೆಗೆಂದು ಪಾರ್ಲಿಮೆಂಟು ಮಾಡಿದ ಕಾನೂನು ಸರ್ಕಾರಿ ಅಧಿಕಾರಿಗಳ ಭ್ರಷ್ಟಾಚಾರ, ಅಧಿಕಾರ ದುರುಪಯೋಗಗಳ ಮೇಲಿನ ದೂರಿಗೆ ಸಂಬಂಧಿಸಿದ್ದು. ಖಾಸಗಿ ಷೆಡ್ಡಿನಲ್ಲಿ ಸುಳ್ಳು ಸಹಿಗೆ ಒಲ್ಲೆನೆಂದವನನ್ನು ಅದು ಮುಟ್ಟುವುದಿಲ್ಲ. ಈ ಬಗ್ಗೆ ನಿರ್ಣಯದ ಕರಡೊಂದನ್ನು ತಂದಿದ್ದೇವೆ. ಕೆಲಸಕ್ಕೆ ಬೇಕಾದ ಗಂಟೆಗಳನ್ನು ಕಾರ್ಡಿನಲ್ಲೇ ನಮೂದಿಸಬೇಕು. ಗಡುವು ಹಿಗ್ಗಿಸುವ ಮುನ್ನ ಆ ಕೆಲಸ ಮಾಡುವವರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಬೇಕು. ಒಬ್ಬನು ಬರೆದ ದೋಷವನ್ನು ಹೊಡೆದುಹಾಕುವವನು ತನ್ನ ಹೆಸರು, ಕಾರಣ ಎರಡನ್ನೂ ಬರೆಯಬೇಕು. ವಿಮಾನಕ್ಕೆ ಬರೆದದ್ದಾದರೂ ನಿಮ್ಮ ಡಿಪೋಗೂ ಇದು ಹೊಂದುತ್ತದೆಯೇ ನೋಡಿ, ಬೇಕಾದ ಕಡೆ ತಿದ್ದಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ರಾತ್ರಿ ಪಾಳಿಗೆ ಹೋಗಬೇಕಾದವರು ಮೊದಲು ಕೇಳಲಿ.